‘ಹಾರ್ಡ್’ ಪದದ ಆರನೆಯ ಅರ್ಥ

ಇಂಗ್ಲಿಷ್ ಸರ್ ನಮ್ಮ ಕಣ್ಣು ನೋಡಿ ಮಾತಾಡಿದ್ದು ನನಗೆ ನೆನಪಿಲ್ಲ. ಅವರ ನೋಟ ಯಾವಾಗಲೂ ನಮ್ಮ ತುಟಿಯ ಮೇಲೆ ನಿಂತಿರುತ್ತಿತ್ತು. ಎತ್ತರದ ಆಳು. ಪ್ರಶ್ನೆ ಕೇಳಿದ ಮೇಲೆ ಕತ್ತು ಮುಂದೆ ಚಾಚಿ, ಹುಬ್ಬು ಗಂಟಿಕ್ಕಿ, ಸಣ್ಣ ಅಕ್ಷರದ ಪುಸ್ತಕ ಓದುವವರ ಹಾಗೆ ನಮ್ಮ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಉತ್ತರ ಮುಗಿದ ಮೇಲೂ ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ‘ಹಾಂ’ ಎನ್ನುತ್ತಿದ್ದರು. ಏಳನೆಯ ತರಗತಿಯ ಹುಡುಗಿಯರಾದ ನಮಗೆ ಅದೊಂದು ಮುಜುಗರ. ಮೂಗಿನ ಕೆಳಗೆ ಏನಾದರೂ ಅಂಟಿದೆಯೇನೋ ಎಂದು ಅಂಗೈಯಿಂದ ಒರೆಸಿಕೊಂಡು ಕೂತುಬಿಡುತ್ತಿದ್ದೆವು.

ನಮ್ಮ ಶಾಲೆ ಇದ್ದದ್ದು ಬನಹಟ್ಟಿಯಲ್ಲಿ. ಐದರಿಂದ ಹತ್ತನೆಯ ತರಗತಿಯವರೆಗೆ ಒಂದೇ ಕಾಂಪೌಂಡು. ಹಿಂದಿನ ಗೋಡೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು. ಕರೆಂಟ್ ಇರುವಷ್ಟು ಹೊತ್ತೂ ಖಟಖಟ. ಆ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ನಮ್ಮೂರಿನವರದೆಲ್ಲ ದೊಡ್ಡ ದನಿ. ಮದುವೆಯಾಗಿ ಮುಧೋಳಕ್ಕೆ ಹೋದ ನನ್ನ ಸೋದರತ್ತೆಯನ್ನು ಅಲ್ಲಿಯವರು ಮೊದಮೊದಲು ‘ಮಾತಿಗೊಮ್ಮೆ ಯಾಕ್ ಜಗಳಾ ತಗೀತಿ?’ ಎಂದು ಕೇಳುತ್ತಿದ್ದರಂತೆ. ಅಂಥ ಊರಿನಲ್ಲಿ ಒಬ್ಬ ಮೇಷ್ಟ್ರಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂಬುದು ಬೇಗ ಗೊತ್ತಾಗುವ ಸಂಗತಿಯಲ್ಲ. ಎಲ್ಲರೂ ಎರಡೆರಡು ಸಲ ‘ಆಂ?’ ಎನ್ನುವವರೇ.

ಸರ್ ಸ್ವತಃ ರಬಕವಿಯ ನೇಕಾರರ ಮನೆಯವರು. ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತೈದರವರೆಗೆ ಪಾವರ್‌ಲೂಮಿನ ಮುಂದೆ ನಿಂತು ದುಡಿಯುತ್ತಲೇ ಹೊರಗಿನಿಂದ ಪರೀಕ್ಷೆ ಕಟ್ಟಿ ಓದಿದವರು. ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕ ತಮ್ಮನ ಜೊತೆಗೇ ಇದ್ದರು. ಅಕ್ಕ ಕಟ್ಟಿಕೊಟ್ಟ ರೊಟ್ಟಿಯನ್ನು ಸರ್ ಸ್ಟಾಫ್ ರೂಮಿನಲ್ಲಿ ತಿನ್ನದೆ, ಶಾಲೆಯ ಹಿತ್ತಲಿನ ಬೇವಿನ ಕಟ್ಟೆಯ ಮೇಲೆ ಒಬ್ಬರೇ ಕೂತು ತಿನ್ನುತ್ತಿದ್ದರು. ಸೊಕ್ಕಿನ ಮನುಷ್ಯ ಎಂದು ಉಳಿದ ಮೇಷ್ಟ್ರುಗಳು ಅಂದುಕೊಂಡಿದ್ದರು. ಐದಾರು ಜನ ಒಟ್ಟಿಗೆ ಮಾತಾಡುವಾಗ ಯಾರ ತುಟಿಯನ್ನು ನೋಡಬೇಕು ಎಂಬ ಕಷ್ಟ ಅವರದು ಎಂದು ಯಾರಿಗೆ ಗೊತ್ತಿತ್ತು?

ಪಾಠ ಮಾತ್ರ ಬಹಳ ಸೊಗಸಾಗಿ ಹೇಳುತ್ತಿದ್ದರು. ಒಂದು ದಿನ ಕೈಚೀಲದಲ್ಲಿ ಒಂದು ಕರಿಕಲ್ಲು, ಒಂದು ತುಂಡು ಬೆಲ್ಲ, ತಳಕ್ಕೆಲ್ಲ ಬಿಳಿ ಪೊರೆ ಕಟ್ಟಿದ ಒಂದು ಹಳೆಯ ಪಾತ್ರೆ ತಂದು ಮೇಜಿನ ಮೇಲಿಟ್ಟರು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಹಾರ್ಡ್’ ಎಂದು ದೊಡ್ಡದಾಗಿ ಬರೆದರು. ಕಲ್ಲನ್ನು ಎಲ್ಲರ ಕೈಗೂ ಕೊಟ್ಟು, “ಹೆಂಗೈತಿ?” ಎಂದರು.

“ಗಟ್ಟಿ ಐತ್ರಿ ಸರ್.”

“ಹಾಂ. ಕಲ್ಲು ಹಾರ್ಡ್. ಬೆಲ್ಲಾನೂ ಹಾರ್ಡ್, ಆದ್ರ ಬಾಯಾಗ ಇಟ್ಕೊಂಡ್ರ ಅಲ್ಲ. ಇನ್ನ, ನಿನ್ನೆ ಕೊಟ್ಟ ಲೆಕ್ಕ ಹಾರ್ಡ್ ಇತ್ತು. ಲೆಕ್ಕಾನ ಕೈಯಾಗ ಹಿಡದು ನೋಡಿದ್ರೇನು?”

“ಇಲ್ರಿ. ತ್ರಾಸ ಇತ್ರಿ.”

“ಶಬ್ಬಾಸ್. ಹಾರ್ಡ್ ವರ್ಕರ್ ಅಂದ್ರ?”

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಕಲ್ಲ ಒಡಿಯಾವ್ರಿ ಸರ್” ಎಂದ. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೈಮುರಿದು ದುಡಿಯುವವನು ಹಾರ್ಡ್ ವರ್ಕರ್, ಮನಸ್ಸು ಕರಗದ ರಾಜನದು ಹಾರ್ಡ್ ಹಾರ್ಟ್, ಈ ಪಾತ್ರೆಗೆ ಪೊರೆ ಕಟ್ಟಿಸಿದ ನಮ್ಮ ಬೋರಿನ ಸವಳು ನೀರು ಹಾರ್ಡ್ ವಾಟರ್ ಎಂದು ಒಂದೊಂದಕ್ಕೂ ಒಂದೊಂದು ವಾಕ್ಯ ಬರೆದರು. ಐದು ವಾಕ್ಯಗಳಾದವು. ಆರನೆಯದನ್ನು ಶುರು ಮಾಡಿ, ‘ಹಾರ್ಡ್ ಆಫ್’ ಎಂದು ಬರೆದು, ಯಾಕೋ ತಡೆದು ಅಳಿಸಿದರು.

“ಶಬ್ದ ಒಂದ ಐತಿ. ಅದು ಯಾರ ಬಾಜೂಕ ಕುಂತೈತಿ ನೋಡ್ರಿ. ಬಾಜೂಕ ಕುಂತವ್ರನ್ನ ನೋಡೇ ಅದರ ಅರ್ಥ ಹೇಳಬೇಕು” ಎಂದರು.

ಮರುದಿನ ಅದೇ ಪಾಠದ ಮೇಲೆ ಪ್ರಶ್ನೆ. ಕಲ್ಲಿಗೆ ಹೇಳುವ ಹಾರ್ಡ್‌ನ ವಿರುದ್ಧ ಪದ ಸಾಫ್ಟ್. ಲೆಕ್ಕಕ್ಕೆ ಹೇಳುವ ಹಾರ್ಡ್‌ನ ವಿರುದ್ಧ ಪದ ಏನು? ನಾನು ಪುಸ್ತಕದಲ್ಲಿ ಏನೋ ಬರೆಯುತ್ತ, ತಲೆ ಎತ್ತದೆಯೇ “ಈಸಿ” ಎಂದೆ. ಸರ್ “ತಪ್ಪು” ಎಂದು, ಪಕ್ಕದ ಹುಡುಗಿಯತ್ತ ಬೆರಳು ಮಾಡಿದರು. ಅವಳು ಎದ್ದು ಮುಖ ಎತ್ತಿ “ಈಸಿ” ಎಂದಳು. “ಶಬ್ಬಾಸ್” ಎಂದರು.

ಇಂಗ್ಲಿಷಿನಲ್ಲಿ ತರಗತಿಗೇ ಮೊದಲಿಗಳು ನಾನು. ಸಿಟ್ಟಿನಿಂದ ಕಿವಿ ಬಿಸಿಯಾಯಿತು. ನಡುವಿನ ಬಿಡುವಿನಲ್ಲಿ ಬೇವಿನ ಕಟ್ಟೆಯ ಹಿಂದಿನಿಂದ ಹೋಗಿ “ಸರ್” ಎಂದು ಕೂಗಿದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕೂಗಿದೆ. ಸರ್ ರೊಟ್ಟಿ ಮುರಿಯುತ್ತಲೇ ಇದ್ದರು. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಗಿತ್ತು. ಆ ಹೊತ್ತಿನಲ್ಲಿ ನನಗೆ ಪಾಪ ಅನಿಸಲಿಲ್ಲ. ಖುಷಿಯಾಯಿತು. ಇದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಮರುದಿನ ಬೆಳಿಗ್ಗೆ ಎಲ್ಲರಿಗೂ ಹೇಳಿಕೊಟ್ಟವಳು ನಾನೇ. ದಿನಾ ಪಾಠದ ಮೊದಲು ಸರ್ ಕೋಲಿನಿಂದ ಬೋರ್ಡಿನ ವಾಕ್ಯ ತೋರಿಸುವುದು, ಇಡೀ ತರಗತಿ ಒಟ್ಟಿಗೆ ಓದುವುದು ರೂಢಿ. ಇವತ್ತು ಎಲ್ಲರೂ ಬರೀ ತುಟಿ ಆಡಿಸಬೇಕು, ದನಿ ಹೊರಡಿಸಬಾರದು ಎಂದೆ. ಅದೇ ಹೊತ್ತಿಗೆ ಕರೆಂಟೂ ಹೋಗಿತ್ತು. ಹಿಂದಿನ ಶೆಡ್ಡಿನ ಮಗ್ಗಗಳೆಲ್ಲ ನಿಂತು ಊರೇ ಸ್ತಬ್ಧ.

ಸರ್ ಕೋಲು ಮೊದಲ ವಾಕ್ಯದ ಮೇಲಿಟ್ಟು ನಮ್ಮ ಕಡೆ ತಿರುಗಿದರು. ನಲವತ್ತು ಬಾಯಿಗಳು ತೆರೆದು ಮುಚ್ಚಿದವು. ಕೋಲು ಎರಡನೆಯ ವಾಕ್ಯಕ್ಕೆ ಬಂತು. ಮತ್ತೆ ನಲವತ್ತು ಬಾಯಿ. ಮೂರನೆಯದಕ್ಕೆ ಬರಬೇಕಾದ ಕೋಲು ಅಲ್ಲೇ ನಿಂತಿತು. ಸರ್ ಮುಖದ ಬಣ್ಣ ಹೋಯಿತು. ಎಡಗಿವಿಯನ್ನು ಉಜ್ಜಿಕೊಂಡರು, ಬಲಗಿವಿಯನ್ನು ಉಜ್ಜಿಕೊಂಡರು. ಕಿಟಕಿಯ ಕಡೆ ನೋಡಿದರು. ಶೆಡ್ಡಿನ ಸಪ್ಪಳವೂ ಇಲ್ಲ. ಇಷ್ಟು ವರ್ಷ ಹೆದರುತ್ತ ಕಾದಿದ್ದ, ಕಿವಿ ಪೂರ್ತಿ ಹೋಗುವ ದಿನ ಬಂದೇಬಿಟ್ಟಿತು ಎಂದುಕೊಂಡಿರಬೇಕು.

ಆಮೇಲೆ ಕೋಲೆತ್ತಿ ಮೇಜಿನ ಮೇಲೆ ಜೋರಾಗಿ ಬಡಿದರು. ಆ ಸದ್ದು ಅವರಿಗೆ ಕೇಳಿಸಿತು. ಒಂದು ಕ್ಷಣ ಜೀವ ಬಂದ ಹಾಗಾಯಿತು ಅವರ ಮುಖದಲ್ಲಿ. ಮರುಕ್ಷಣವೇ ನಾವು ಮಾಡಿದ್ದೇನೆಂದು ತಿಳಿಯಿತು. ಯಾರೋ ಕಿಸಕ್ಕೆಂದು ನಕ್ಕರು. ಸರ್ ಬೈಯಲಿಲ್ಲ, ಹೊಡೆಯಲಿಲ್ಲ. ಕುರ್ಚಿಯ ಮೇಲೆ ಕೂತರು. ಆಮೇಲೆ ಎದ್ದು, ಬೋರ್ಡಿನ ಮೇಲೆ ಆರನೆಯ ವಾಕ್ಯವನ್ನು ಪೂರ್ತಿ ಬರೆದರು. ‘ಹೀ ಈಸ್ ಹಾರ್ಡ್ ಆಫ್ ಹಿಯರಿಂಗ್.’

“ಇದೂ ಒಂದ ಅರ್ಥ ಐತಿ. ಮೊನ್ನೆ ಹೇಳೂದು ಬಿಟ್ಟಿದ್ದೆ” ಎಂದರು. “ಕಿವುಡ ಅಂದ್ರ ಬೈದಂಗ ಆಗತೈತಿ. ಇದು ಹಂಗಲ್ಲ. ಕೇಳೂದು ತ್ರಾಸ ಆಗತೈತಿ, ಅಷ್ಟ. ನನಗ ಬಲಗಿವಿ ಪೂರಾ ಹೋಗೇತಿ, ಎಡಗಿವಿ ಅರ್ಧ. ನಿಮ್ಮ ಬಾಯಿ ನೋಡಿ ತಿಳ್ಕೋತೇನಿ. ಅದಕ್ಕ ಮಾತಾಡೂ ಮುಂದ ಮುಖ ಎತ್ತಿ ಮಾತಾಡ್ರಿ. ಬಾಯಿ ಮ್ಯಾಲ ಕೈ ಇಟ್ಕೋಬ್ಯಾಡ್ರಿ.” ಬಾಗಿಲ ಕಡೆ ನೋಡಿ, “ಇದು ಈ ಖೋಲಿಯಾಗ ಇರ್ಲಿ. ಹೊರಗ ಹೇಳಬ್ಯಾಡ್ರಪಾ” ಎಂದರು.

ನಮ್ಮನ್ನು ಅವರು ಬೇಡಿಕೊಂಡದ್ದು ಅದೊಂದೇ. ನಾವೆಲ್ಲ ತಲೆಯಾಡಿಸಿದೆವು.

ಆಮೇಲಿನ ಒಂದು ತಿಂಗಳು ನಮ್ಮ ತರಗತಿಯಲ್ಲಿ ನಡೆದಂಥ ಇಂಗ್ಲಿಷ್ ಪಾಠ ನಾನು ಮುಂದೆ ಎಲ್ಲಿಯೂ ಕಾಣಲಿಲ್ಲ. ಉಗುಳು ನುಂಗುತ್ತ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿಯರೂ ಎದ್ದು ನಿಂತು, ಮುಖ ಎತ್ತಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಸರ್ ಕೂಡ ಹಗುರಾಗಿದ್ದರು. ಮುಚ್ಚಿಡುವುದೇ ಅವರಿಗೆ ಅರ್ಧ ಕೆಲಸವಾಗಿತ್ತೇನೋ.

ಆದರೆ ಸರ್ ಬೇಡಿಕೊಂಡ ದಿನ ಸಂಜೆಯೇ ನಾನು ಮಾತು ಮುರಿದಿದ್ದೆ. ಊಟಕ್ಕೆ ಬರದೆ ಮೂಲೆಯಲ್ಲಿ ಕೂತವಳನ್ನು ಅಪ್ಪ “ಏನಾತವಾ?” ಎಂದು ಕೇಳಿದ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಎಲ್ಲ ಹೇಳಿಬಿಟ್ಟೆ. ತುಟಿ ಆಡಿಸುವ ಆಟ ನನ್ನದೇ ಎಂಬುದೊಂದನ್ನು ಬಿಟ್ಟು. ಅಪ್ಪ ಕೆಟ್ಟ ಮನುಷ್ಯನಲ್ಲ. ನಾಲ್ಕು ಮಗ್ಗ ಇಟ್ಟುಕೊಂಡಿದ್ದವನು. ಮಗ್ಗ ಕಿವಿಯನ್ನು ಏನು ಮಾಡುತ್ತದೆಂದು ಅವನಿಗೂ ಗೊತ್ತಿತ್ತು. ಎಂದೋ ನೂಲಿನ ಅಂಗಡಿಯಲ್ಲಿ ಕೂತು, ಪಾಪ ಎನ್ನುವ ಮಾತಿಗೇ ಸರ್ ವಿಷಯ ತೆಗೆದನಂತೆ. ಅಲ್ಲಿಂದ ಅದು ಮನೆಮನೆಗೆ ಹೋಗುವಾಗ ಪಾಪ ಎಂಬುದು ದಾರಿಯಲ್ಲಿ ಉದುರಿಹೋಯಿತು.

ಒಂದು ಮುಂಜಾನೆ ಏಳೆಂಟು ಜನ ಪಾಲಕರು ಬಂದು ಹೆಡ್ ಮಾಸ್ತರ ಕೋಣೆಯ ಮುಂದೆ ನಿಂತರು. “ಕೇಳಲಾರದ ಮಾಸ್ತರ ಇಂಗ್ಲೀಷ್ ಏನ್ ಕಲಿಸ್ತಾನ್ರೀ? ಹುಡುಗೂರು ತಪ್ಪ ಅಂದ್ರೂ ಖರೆ ಅಂತಾನ, ಖರೆ ಅಂದ್ರೂ ತಪ್ಪ ಅಂತಾನ” ಎಂಬ ಮಾತು ನಮ್ಮ ತರಗತಿಗೆ ಕೇಳಿಸಿತು. ಒಳಗೆ ಪಾಠ ಹೇಳುತ್ತಿದ್ದ ಸರ್‌ಗೆ ಮಾತ್ರ ಅದು ಕೇಳಲಿಲ್ಲ. ನಮ್ಮ ಮುಖಗಳನ್ನು ನೋಡಿ, “ಯಾಕ? ಏನಾತು?” ಎಂದರು. ನಾವು ಪುಸ್ತಕದ ಮೇಲೆ ತಲೆ ಬಗ್ಗಿಸಿದೆವು.

ಮುಂದಿನ ವಾರ ಬೇರೆ ಇಂಗ್ಲಿಷ್ ಮೇಷ್ಟ್ರು ಬಂದರು. ಸರ್‌ಗೆ ಹಳೆಯ ರಿಜಿಸ್ಟರುಗಳನ್ನು ಇಡುವ ಕೋಣೆಯಲ್ಲಿ ಒಂದು ಮೇಜು ಹಾಕಿಕೊಟ್ಟರು. ಸಂಬಳ ಕಡಿಮೆ ಮಾಡಲಿಲ್ಲ, ಅವಮಾನದ ಮಾತು ಆಡಲಿಲ್ಲ. ಸರ್ಟಿಫಿಕೇಟು ಬರೆಯುವುದು, ದಾಖಲೆ ಹುಡುಕಿಕೊಡುವುದು. ಯಾರ ಮಾತನ್ನೂ ಕೇಳಬೇಕಾಗಿಲ್ಲದ ಕೆಲಸ. ಆ ಕೋಣೆ ವರಾಂಡದ ಕೊನೆಗೆ, ನೀರಿನ ಟಾಕಿಗೆ ಹೋಗುವ ದಾರಿಯಲ್ಲಿತ್ತು. ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಒಳಗೆ ಸರ್ ಬಾಗಿಲ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದರು.

ನಾನು ದಿನಕ್ಕೆ ಎರಡು ಮೂರು ಸಲ ನೀರು ಕುಡಿಯಲು ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ. ಮೂರು ವರ್ಷ ಹೋದೆ. ಬಾಗಿಲು ಬರುವ ಮೊದಲೇ ಗೆಳತಿಯ ಕಡೆ ತಿರುಗಿ ಏನಾದರೂ ಮಾತು ಶುರು ಮಾಡುತ್ತಿದ್ದೆ. ಹತ್ತನೆಯ ತರಗತಿ ಮುಗಿದು ದಾಖಲೆ ತರಲು ಹೋದಾಗ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸರ್ ನನ್ನ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಮಸಿ ಒಣಗಲೆಂದು ಕಾಗದವನ್ನು ಎರಡು ಸಲ ಬೀಸಿ, ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೆ ನನ್ನ ತುಟಿಯನ್ನೇ ನೋಡುತ್ತ ಕೂತರು. ನಾನು ನೆಲ ನೋಡುತ್ತ ನಿಂತು, ಕೈ ಮುಗಿದು ಹೊರಗೆ ಬಂದುಬಿಟ್ಟೆ.

ಮುಂದೆ ಜಮಖಂಡಿಯಲ್ಲಿ ಕಾಲೇಜು, ಶಿಕ್ಷಕರ ತರಬೇತಿ. ನಾಲ್ಕು ವರ್ಷಗಳ ಹಿಂದೆ ಬೀಳಗಿ ತಾಲೂಕಿನ ಒಂದು ಹೊಳೆದಂಡೆಯ ಹಳ್ಳಿಯಲ್ಲಿ ನನಗೆ ಕೆಲಸ ಸಿಕ್ಕಿತು. ಐದನೆಯ ತರಗತಿಗೆ ಇಂಗ್ಲಿಷ್ ನನ್ನದೇ. ‘ಹಾರ್ಡ್’ ಪದ ಬಂದ ದಿನ ನಾನೂ ಕಲ್ಲು, ಬೆಲ್ಲ ತಂದು ಮೇಜಿನ ಮೇಲಿಟ್ಟೆ. ಬೋರ್ಡಿನ ಮೇಲೆ ಐದು ವಾಕ್ಯ ಬರೆದೆ. ಆರನೆಯದಕ್ಕೆ ಕೈ ಏಳಲಿಲ್ಲ. ಮಕ್ಕಳು ನೋಡುತ್ತಲೇ ಇದ್ದರು. ಆ ಭಾನುವಾರ ಬೀಳಗಿಯಿಂದ ಬಸ್ಸು ಹಿಡಿದು, ಜಮಖಂಡಿಯಲ್ಲಿ ಬದಲಿಸಿ, ರಬಕವಿಗೆ ಹೋದೆ.

ಬಾಗಿಲು ತೆರೆದವರು ಸರ್ ಅವರ ಅಕ್ಕ. ಸಣ್ಣಗೆ, ಚುರುಕಾಗಿದ್ದ ಮುದುಕಿ. “ಬಾರವಾ. ಅವ್ಗ ಈಗ ಏನೂ ಕೇಳಂಗಿಲ್ಲ. ಬಾಯಿ ನೋಡೂದೂ ಕಮ್ಮಿ ಆಗೇತಿ, ಕಣ್ಣ ಮಂಜ. ಬರದ ತೋರಸ್ಬೇಕು” ಎಂದು ಒಂದು ನೋಟ್‌ಬುಕ್ಕು, ದಪ್ಪ ಸ್ಕೆಚ್ ಪೆನ್ನು ಕೊಟ್ಟರು.

ಸರ್ ನಿವೃತ್ತರಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ಹೆಸರು ಬರೆದು ತೋರಿಸಿದೆ. ಓದಿ, “ಹಾಂ” ಎಂದರು. ತಮ್ಮ ದನಿ ತಮಗೇ ಕೇಳದ್ದರಿಂದ ಮಾತು ಬಹಳ ಮೆಲ್ಲಗೆ ಬರುತ್ತಿತ್ತು. ನಾನೇ ಹತ್ತಿರ ಬಾಗಿ ಕೇಳಬೇಕಾಯಿತು. ಎಲ್ಲಿ ಕೆಲಸ, ಎಷ್ಟು ಮಕ್ಕಳು ಎಂದೆಲ್ಲ ವಿಚಾರಿಸಿದರು. ಆಮೇಲೆ ನಾನು ಹದಿನೈದು ವರ್ಷಗಳಿಂದ ಹೊತ್ತುಕೊಂಡಿದ್ದುದನ್ನು ಬರೆದೆ. ತುಟಿ ಆಡಿಸಲು ಹೇಳಿಕೊಟ್ಟವಳು ನಾನು. ಮನೆಯಲ್ಲಿ ಹೇಳಿದವಳೂ ನಾನೇ. ನಿಮ್ಮ ಪಾಠ ಹೋದದ್ದು ನನ್ನಿಂದ.

ಸರ್ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಪುಸ್ತಕ ಕೆಳಗಿಟ್ಟರು.

“ಮನ್ಯಾಗ ಹೇಳಿದ್ದು ಗೊತ್ತೈತಿ. ನಿಮ್ಮಪ್ಪ ಆವಾಗ ಬಂದು ಕೈ ಮುಗದು ಹೋಗಿದ್ರು. ಹುಡುಗಿಗಿ ಬೈಬ್ಯಾಡ್ರಿ ಅಂದ್ರು.”

ಅಪ್ಪ ಇದನ್ನು ನನಗೆ ಎಂದೂ ಹೇಳಿರಲಿಲ್ಲ.

“ಪಾಠ ಹೋದದ್ದಕ್ಕ ಬಾಳ ಬ್ಯಾಸರಾಗಿತ್ತು, ಸುಳ್ಳ ಯಾಕ ಹೇಳ್ಲಿ” ಎಂದರು ಸರ್. “ಆದ್ರ ಅದು ಎಂದರ ಹೋಗೂದ ಇತ್ತು. ನಿನ್ನ ಮ್ಯಾಲ ಸಿಟ್ಟ ಆಗಲಿಲ್ಲ. ಖರೆ ಹೇಳ್ಲೇನು? ಮೂರ ವರ್ಷ ನೀ ಆ ಖೋಲಿ ಮುಂದ ಹಾದ ಹೋಗ್ತಿದ್ದಿ. ಇವತ್ತ ಒಳಗ ಬರ್ತಾಳ, ನಾಳಿ ಬರ್ತಾಳ ಅಂತ ಬಾಗಲಾ ನೋಡ್ಕೋಂತ ಕುಂದ್ರತಿದ್ದೆ. ಯಾರೂ ಬರ್ತಿರ್ಲಿಲ್ಲ ಅಲ್ಲಿ. ನೀ ಒಬ್ಬಾಕಿ ಬರ್ತಿ ಅಂತ ನನಗ ಅನಸ್ತಿತ್ತು.”

ಆರೋಪವೆಂಬಂತೆ ಅವರು ಅದನ್ನು ಹೇಳಿರಲಿಲ್ಲ. ಮಳೆ ಬರಲಿಲ್ಲ ಎನ್ನುವ ಹಾಗೆ, ಬಸ್ಸು ಬರಲಿಲ್ಲ ಎನ್ನುವ ಹಾಗೆ ಹೇಳಿದ್ದರು. ಅದಕ್ಕೇ ತಡೆದುಕೊಳ್ಳಲು ಆಗಲಿಲ್ಲ.

ಅಲ್ಲಿಂದ ಮುಂದೆ ತಿಂಗಳಿಗೊಂದು ಭಾನುವಾರ ಹೋಗುತ್ತಿದ್ದೆ. ನಾನು ಬರೆಯುವುದು, ಅವರು ಮೆಲ್ಲಗೆ ಹೇಳುವುದು. ‘ಹಾರ್ಡ್’ ಹೇಗೆ ಕಲಿಸಿದೆ ಎಂದು ಕೇಳಿ, “ಹಾರ್ಡ್ಲಿ ಬಿಟ್ಟಿಯೇನು? ಅದು ಹಾರ್ಡ್‌ನ ತಮ್ಮ ಅಲ್ಲ, ಬ್ಯಾರೇನ ಮನಿಯಾವ. ಹಾರ್ಡ್ಲಿ ವರ್ಕ್ ಅಂತ ಬರದ್ರ ದುಡಿಯೂದ ಇಲ್ಲ ಅಂತ ಆಗತೈತಿ” ಎಂದು ತಿದ್ದಿದರು. ಕಿವಿಗೆ ಹಾಕುವ ಮಶಿನ್ ಯಾಕೆ ತಗೊಳ್ಳಲಿಲ್ಲ ಎಂದು ನಾನೊಮ್ಮೆ ಬರೆದೆ. ತಗೊಂಡಿದ್ದರಂತೆ. ಈ ಊರಿನಲ್ಲಿ ಅದನ್ನು ಹಾಕಿಕೊಂಡರೆ ಮನುಷ್ಯರ ಮಾತಿಗಿಂತ ಮಗ್ಗದ ಸಪ್ಪಳವೇ ದೊಡ್ಡದಾಗಿ ಕೇಳಿ, ಎಂಟು ದಿನಕ್ಕೆ ತೆಗೆದಿಟ್ಟರಂತೆ.

ಇನ್ನೊಂದು ಸಲ ತಾವಾಗಿಯೇ ಹೇಳಿದರು. “ಸಪ್ಪಳ ಹೋತು ಅಂತ ತ್ರಾಸ ಇಲ್ಲವಾ. ಜನ ಏನಾರ ಹೇಳ್ತಾರ. ನಾ ‘ಆಂ?’ ಅಂತೇನಿ. ಇನ್ನೊಮ್ಮೆ ಹೇಳ್ತಾರ. ಮತ್ತ ‘ಆಂ?’ ಅಂದ್ರ, ಏನಿಲ್ಲ ಬಿಡ್ರಿ ಅಂತ ಕೈ ಮಾಡಿ ಹೋಗ್ತಾರ. ಎಷ್ಟ ಮಂದಿ, ಎಷ್ಟ ಸಲ! ಅವ್ರು ಹೋದ ಮ್ಯಾಲ ನಾ ಕುಂತ ವಿಚಾರ ಮಾಡ್ತೇನಿ, ಏನ ಇದ್ದೀತು ಅದು ಅಂತ.”

ಅಂದಿನಿಂದ ನಾನು ಯಾರಿಗೂ ‘ಏನಿಲ್ಲ ಬಿಡು’ ಎಂದಿಲ್ಲ. ನನ್ನ ತರಗತಿಯಲ್ಲಿ ಮಗುವೊಂದು ಮೂರನೆಯ ಸಲ ಕೇಳಿದರೂ ಮೂರನೆಯ ಸಲ ಹೇಳುತ್ತೇನೆ. ಸರ್‌ಗೆ ನಾನು ಕೊಡಬೇಕಾದ್ದು ಇದಲ್ಲ, ಬೇರೆ ಇತ್ತು. ಅದನ್ನು ಕೊಡುವ ಕಾಲದಲ್ಲಿ ನಾನು ಆ ಬಾಗಿಲು ದಾಟಿ ನೀರು ಕುಡಿಯಲು ಹೋಗುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಸರ್ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕನೆಯ ದಿನ ಹೋದೆ. ಹಾಸಿಗೆ ಸುತ್ತಿಟ್ಟಿದ್ದರು. ಅಕ್ಕ ನನ್ನನ್ನು ಕಂಡು ಅಳಲಿಲ್ಲ. ಚಹಾಕ್ಕಿಟ್ಟು ಬಂದು ಎದುರಿಗೆ ಕೂತರು.

“ಬೆಳಿಗ್ಗೆ ಚಾ ಮಾಡಿ ಕರದೆ. ಅವ್ಗ ಕೇಳಂಗಿಲ್ಲ ಅನ್ನೂದು ನನಗ ಗೊತ್ತಿಲ್ಲೇನವಾ? ಆದ್ರೂ ದಿನಾ ಒಲಿ ಮುಂದಿಂದ ಮೂರ ಸಲ ಕರೀತಿದ್ದೆ. ಆಮ್ಯಾಲ ಹೋಗಿ ಭುಜಾ ಮುಟ್ಟತಿದ್ದೆ. ಆವತ್ತೂ ಮೂರ ಸಲ ಕರದ, ಹೋಗಿ ಮುಟ್ಟಿದೆ” ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡರು.

ಒಳಗೆ ಚಹಾ ಉಕ್ಕುವ ಸದ್ದಾಯಿತು. ಅಕ್ಕ ಎದ್ದು ಹೋದರು. ಲೋಟಕ್ಕೆ ಸುರಿಯುತ್ತ, ಅಲ್ಲಿಂದಲೇ ತಮ್ಮನ ಹೆಸರು ಹಿಡಿದು, ಚಾ ಆತು ಬಾರೋ ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಎರಡು ಲೋಟ ಹಿಡಿದು ಹೊರಗೆ ಬಂದು, ನನ್ನ ಮುಖ ನೋಡಿ ನಿಂತರು.

“ಆಗೂ ಕೇಳ್ತಿರ್ಲಿಲ್ಲ, ಈಗೂ ಕೇಳಂಗಿಲ್ಲ” ಎಂದರು. “ಕರಿಯೂದು ಯಾಕ ಬಿಡ್ಲಿ?”